ಮುಖವೂ ಒಂದು ಅಮಾನತ್

ಒಂದು ಸಂಜೆ ಮಗ್‌ರಿಬ್ ನಮಾಝ್ ಮುಗಿಸಿ ಹೊರಬರುವಾಗ ನನ್ನ ಹಳೆಯ ವಿದ್ಯಾರ್ಥಿಯೊಬ್ಬ ಮಸೀದಿಯ ಮೆಟ್ಟಿಲ ಬಳಿ ಕಾದು ನಿಂತಿದ್ದ. ಕಡಬದ ಕಡೆಯ ಹುಡುಗ. ಪದವಿ ಮುಗಿಸಿ ಪುತ್ತೂರಿನ ಜವಳಿ ಅಂಗಡಿಯೊಂದರಲ್ಲಿ ಕೆಲಸಕ್ಕಿದ್ದಾನೆ. ಎತ್ತರದ ನಿಲುವು, ಲಕ್ಷಣವಾದ ಮುಖ. ಕಳೆದ ಪೆರ್ನಾಲಿನ ಹೊತ್ತಿಗೆ ಅಂಗಡಿಯ ಹೊಸ ಅಂಗಿಗಳನ್ನು ತೊಟ್ಟು ತೆಗೆಸಿಕೊಂಡ ಅವನ ಚಿತ್ರಗಳು ಮೊಬೈಲಿನಿಂದ ಮೊಬೈಲಿಗೆ ಹರಿದಾಡಿದ್ದವು. ಅದನ್ನು ಕಂಡು ಬೆಂಗಳೂರಿನಿಂದ ಯಾರೋ ಕರೆ ಮಾಡಿದ್ದರಂತೆ. ನೀನು ಮಾಡೆಲಿಂಗಿಗೆಂದೇ ಹುಟ್ಟಿದವನು, ಬಂದುಬಿಡು, ಮೊದಲು ಫೋಟೋ ಆಲ್ಬಮ್ ಮಾಡಿಸಲು ಇಷ್ಟು ಹಣ ಕಳುಹಿಸು ಎಂದಿದ್ದರಂತೆ.

ಹುಡುಗ ಕೇಳಿದ: "ಉಸ್ತಾದ್, ನಾನು ಕದಿಯುವುದಿಲ್ಲ, ಬಡ್ಡಿ ತಿನ್ನುವುದಿಲ್ಲ. ಅಲ್ಲಾಹನು ಕೊಟ್ಟ ಮುಖ. ಅದರಿಂದ ನಾಲ್ಕು ಕಾಸು ಸಂಪಾದಿಸಿದರೆ ತಪ್ಪೇನು? ತಂಗಿಯ ಮದುವೆ ಬೇರೆ ಇದೆ."

ಹರಾಮ್ ಎಂಬ ಒಂದೇ ಮಾತು ಹೇಳಿ ನಾನು ಚಪ್ಪಲಿ ಮೆಟ್ಟಿ ನಡೆದುಬಿಡಬಹುದಿತ್ತು. ಆದರೆ ಹಾಗೆ ಕಳುಹಿಸಿದ ಹುಡುಗ ಮುಂದಿನ ಸಲ ಕೇಳಲು ಬರುವುದಿಲ್ಲ, ಕೇಳದೆಯೇ ಹೋಗುತ್ತಾನೆ. ಕೇಳಲು ಬಂದವನಿಗೆ ಕಾರಣ ತಿಳಿಸುವುದು ಕಲಿಸುವವನ ಕರ್ತವ್ಯ. ಶುಕ್ರವಾರ ಬಾ, ಮಾತಾಡೋಣ ಎಂದೆ. ಅಂದು ಅವನಿಗೆ ಹೇಳಿದ್ದನ್ನೂ, ಹೇಳಲಾಗದೆ ಉಳಿದದ್ದನ್ನೂ ನಿಮ್ಮ ಮುಂದಿಡುತ್ತಿದ್ದೇನೆ.

ಈ ಪ್ರಶ್ನೆ ನಮ್ಮ ಅಂಗಳಕ್ಕೆ ಬಂದದ್ದು

ಒಂದು ಕಾಲದಲ್ಲಿ ಇದು ಮುಂಬಯಿಯ ಪ್ರಶ್ನೆಯಾಗಿತ್ತು. 1994ರಲ್ಲಿ ಸುಷ್ಮಿತಾ ಸೇನ್ ಭುವನ ಸುಂದರಿಯಾದರು. ಅದೇ ವರ್ಷ ಮಂಗಳೂರಿನಲ್ಲಿ ಹುಟ್ಟಿದ ಐಶ್ವರ್ಯಾ ರೈ ವಿಶ್ವಸುಂದರಿಯಾದರು. ಅಲ್ಲಿಯವರೆಗೆ ದೂರದಲ್ಲಿದ್ದ ಆ ಲೋಕ ನಮ್ಮ ಜಿಲ್ಲೆಯ ಹೆಸರನ್ನೂ ಹೇಳತೊಡಗಿತು. ಎರಡೇ ವರ್ಷಗಳಲ್ಲಿ, 1996ರ ನವೆಂಬರ್ 23ರಂದು, ವಿಶ್ವಸುಂದರಿ ಸ್ಪರ್ಧೆಯೇ ಬೆಂಗಳೂರಿನ ಚಿನ್ನಸ್ವಾಮಿ ಕ್ರೀಡಾಂಗಣಕ್ಕೆ ಬಂತು. ಅಮಿತಾಭ್ ಬಚ್ಚನ್ ಅವರ ಸಂಸ್ಥೆ ಅದನ್ನು ನಡೆಸಿತು. 88 ದೇಶಗಳ ಯುವತಿಯರು ಬಂದಿದ್ದರು. ಗ್ರೀಸಿನ ಹುಡುಗಿ ಕಿರೀಟ ಗೆದ್ದಳು.

ಆಗ ನಡೆದ ಪ್ರತಿಭಟನೆಗಳು ಹಿರಿಯರಿಗೆ ನೆನಪಿರಬಹುದು. ರೈತ ಸಂಘದವರು ವಿರೋಧಿಸಿದರು, ಮಹಿಳಾ ಸಂಘಟನೆಗಳು ವಿರೋಧಿಸಿದವು, ಸಂಸ್ಕೃತಿಯ ಹೆಸರಿನಲ್ಲಿ ರಾಜಕೀಯ ಪಕ್ಷಗಳೂ ವಿರೋಧಿಸಿದವು. ಮಧುರೈಯಲ್ಲಿ ಯುವಕನೊಬ್ಬ ಬೆಂಕಿ ಹಚ್ಚಿಕೊಂಡು ಸತ್ತೇಹೋದ. ಆತ್ಮಹತ್ಯೆಯಿಂದ ಯಾವ ಕೆಡುಕೂ ಅಳಿಯದು, ನಮ್ಮ ಧರ್ಮವು ಅದನ್ನು ನಿಷೇಧಿಸಿದೆ. ಕೊನೆಗೆ ಈಜುಡುಗೆಯ ಸುತ್ತನ್ನು ಸೆಶೆಲ್ಸ್ ದ್ವೀಪಕ್ಕೆ ಸಾಗಿಸಿದರು. ಉಳಿದದ್ದೆಲ್ಲ ಪೋಲೀಸ್ ಕಾವಲಿನಲ್ಲಿ ಬೆಂಗಳೂರಿನಲ್ಲೇ ನಡೆಯಿತು.

ಆ ಗದ್ದಲದಲ್ಲಿ ಕೇಳಿಬಂದದ್ದು ಬಟ್ಟೆಯ ಅಳತೆಯ ವಾದವೇ ಹೆಚ್ಚು. ಎಷ್ಟು ಉದ್ದದ ಉಡುಪು, ಯಾವ ಊರಿನಲ್ಲಿ ತೊಡಬಹುದು ಎಂಬುದೇ ದೊಡ್ಡ ಪ್ರಶ್ನೆಯಾಯಿತು. ಈಜುಡುಗೆ ದ್ವೀಪಕ್ಕೆ ಹೋದ ಕೂಡಲೇ ಅರ್ಧ ಗೆದ್ದೆವೆಂದು ಕೆಲವರು ಭಾವಿಸಿದರು. ಆದರೆ ಅದರ ಕೆಳಗೆ ಇನ್ನೊಂದು ಪ್ರಶ್ನೆ ಹಾಗೆಯೇ ಉಳಿಯಿತು. ಮನುಷ್ಯನ ರೂಪಕ್ಕೆ ಬೆಲೆ ಕಟ್ಟಬಹುದೇ? ಕಟ್ಟಬಹುದಾದರೆ ಆ ಬೆಲೆಯನ್ನು ನಿರ್ಧರಿಸುವವರು ಯಾರು?

ಇಂದು ಆ ವೇದಿಕೆ ಕ್ರೀಡಾಂಗಣದಲ್ಲಿಲ್ಲ, ಜೇಬಿನಲ್ಲಿದೆ. ಮಾಣಿಯಿಂದ ಪುತ್ತೂರು, ಸುಳ್ಯ ದಾಟಿ ಮಡಿಕೇರಿಯ ಘಾಟಿ ಹತ್ತುವ ಹೆದ್ದಾರಿಯ ಬದಿಯ ಫಲಕಗಳನ್ನು ನೋಡಿ. ಚಿನ್ನದ ಅಂಗಡಿ, ಸೀರೆ ಅಂಗಡಿ, ಬುರ್ಖಾ ಅಂಗಡಿ, ಎಲ್ಲದರಲ್ಲೂ ಒಂದು ಮುಖ. ಉಪ್ಪಿನಂಗಡಿಯಿಂದ ಸುಬ್ರಹ್ಮಣ್ಯಕ್ಕೆ ಹೋಗುವ ದಾರಿಯ ಕಡಬದಲ್ಲೂ ಹಾಗೆಯೇ. ನಮ್ಮೂರಿನ ಹುಡುಗರು, ಹುಡುಗಿಯರು ಈ ಕೆಲಸವನ್ನು ಒಂದು ಉದ್ಯೋಗವೆಂದು ಎಣಿಸುತ್ತಿದ್ದಾರೆ. ಆದ್ದರಿಂದ ಪ್ರಶ್ನೆಯನ್ನು ತಳ್ಳಿಹಾಕದೆ ಎದುರಿಸಬೇಕು.

ಕೈಗೆ ಕೂಲಿ ಇರುವಾಗ ಮುಖಕ್ಕೆ ಏಕಿಲ್ಲ?

ಹುಡುಗನ ವಾದ ಸುಲಭದ್ದಲ್ಲ. ಅದನ್ನು ಅವನಿಗಿಂತ ಬಲವಾಗಿ ನಾವೇ ಮಂಡಿಸೋಣ. ಅಡಿಕೆ ಕೊಯ್ಯುವವನು ಮರದಿಂದ ಮರಕ್ಕೆ ವಾಲಿ ಹೋಗುವಾಗ ತನ್ನ ಭುಜದ ಬಲವನ್ನು ಕೂಲಿಗೆ ಕೊಡುತ್ತಾನೆ. ಸುಳ್ಯದ ರಬ್ಬರ್ ತೋಟದಲ್ಲಿ ನಸುಕಿಗೇ ಎದ್ದು ಹಾಲು ತೆಗೆಯುವವನು ತನ್ನ ನಿದ್ದೆಯನ್ನು ಕೊಡುತ್ತಾನೆ. ನಮ್ಮ ತಾಯಂದಿರು ಬೀಡಿ ಕಟ್ಟಿ ಬೆರಳು ಸವೆಸಿದ್ದಾರೆ. ಮದ್ರಸದಲ್ಲಿ ಕಲಿಸುವ ನಾನೂ ಗಂಟಲನ್ನೇ ದುಡಿಸುತ್ತೇನೆ. ಎಲ್ಲವೂ ದೇಹವೇ, ಎಲ್ಲವೂ ಅಲ್ಲಾಹನು ಕೊಟ್ಟದ್ದೇ. ಹೀಗಿರುವಾಗ ಮುಖವೊಂದಕ್ಕೆ ಏಕೆ ಅಡ್ಡಿ?

ನಿಧಾನವಾಗಿ ನೋಡಿದರೆ ವ್ಯತ್ಯಾಸ ಕಾಣುತ್ತದೆ. ಅಡಿಕೆ ಕೊಯ್ದವನು ಗೊನೆಯನ್ನು ಅಂಗಳದಲ್ಲಿಟ್ಟು ಮನೆಗೆ ಹೋಗುತ್ತಾನೆ. ಅವನ ಕೆಲಸ ಬೇರೆ, ಅವನು ಬೇರೆ. ಧಣಿಗೆ ಗೊನೆ ಸಿಕ್ಕಿತು, ಅವನ ಭುಜ ಅವನೊಂದಿಗೇ ಹೋಯಿತು. ಕಟ್ಟಿದ ಬೀಡಿಯಲ್ಲಿ ತಾಯಿಯ ಬೆರಳು ಉಳಿಯುವುದಿಲ್ಲ. ಆದರೆ ಚಿತ್ರಕ್ಕೆ ನಿಂತವನು ಮನೆಗೆ ಹೋದರೂ ಅವನ ಮುಖ ಅಲ್ಲೇ ಉಳಿಯುತ್ತದೆ. ಅವನು ನಿದ್ರಿಸುವಾಗಲೂ ಅದು ರಸ್ತೆಯಲ್ಲಿರುತ್ತದೆ. ತೌಬಾ ಮಾಡಿ ಮರಳಿದರೂ, ವಯಸ್ಸಾದರೂ, ಮರಣ ಹೊಂದಿದರೂ ಅದು ತನ್ನ ಪಾಡಿಗೆ ದುಡಿಯುತ್ತಲೇ ಇರುತ್ತದೆ. ಇಲ್ಲಿ ಕೊಂಡುಕೊಳ್ಳುವವನು ಕೆಲಸವನ್ನಷ್ಟೇ ಕೊಳ್ಳುವುದಿಲ್ಲ, ಕೆಲಸ ಮಾಡಿದವನನ್ನೇ ಸ್ವಲ್ಪ ಇಟ್ಟುಕೊಳ್ಳುತ್ತಾನೆ.

ಎರಡನೆಯ ವ್ಯತ್ಯಾಸ ಬೆಲೆಯದ್ದು. ಪುತ್ತೂರಿನ ಅಡಿಕೆ ಮಾರುಕಟ್ಟೆಯಲ್ಲಿ ಹೊಸ ಅಡಿಕೆಗೆ ಒಂದು ದರ, ಹಳೆಯದಕ್ಕೆ ಅದಕ್ಕಿಂತ ಹೆಚ್ಚು, ಡಬಲ್ ಚೋಲಿಗೆ ಇನ್ನೂ ಹೆಚ್ಚು. ಅಡಿಕೆಗೂ ವಯಸ್ಸಿನಿಂದ ಗೌರವ ಬರುತ್ತದೆ! ಬಡಗಿಯ ಕೈ, ವೈದ್ಯನ ಅನುಭವ, ಶಿಕ್ಷಕನ ತಿಳುವಳಿಕೆ, ಇವೆಲ್ಲ ವರ್ಷ ಕಳೆದಂತೆ ಬೆಳೆಯುತ್ತವೆ. ಆದರೆ ಮುಖದ ಮಾರುಕಟ್ಟೆಯಲ್ಲಿ ಪ್ರತಿ ಬೆಳಗೂ ದರ ಇಳಿಯುವ ದಿನವೇ. ಇಪ್ಪತ್ತರಲ್ಲಿ ಕರೆದವರು ಮೂವತ್ತರಲ್ಲಿ ಗುರುತು ಹಿಡಿಯುವುದಿಲ್ಲ. ತನ್ನದೇ ಕನ್ನಡಿಗೆ ಹೆದರಿಕೊಂಡು ಬಾಳುವ ಉದ್ಯೋಗ ಮನುಷ್ಯನಿಗೆ ಒಳಿತೇ?

ಹಾಗೆಂದು ಚೆಲುವನ್ನು ಇಸ್ಲಾಮ್ ಕೀಳಾಗಿ ಕಾಣುತ್ತದೆಂದು ತಿಳಿಯಬೇಡಿ. ಮನುಷ್ಯನನ್ನು ಅತ್ಯುತ್ತಮ ರೂಪದಲ್ಲಿ ಸೃಷ್ಟಿಸಿರುವೆನೆಂದು ಅಲ್ಲಾಹನು ಸೂರಃ ಅತ್ತೀನ್‌ನಲ್ಲಿ ತಿಳಿಸಿದ್ದಾನೆ. ಶುಭ್ರವಾದ ಉಡುಪು, ಬಾಚಿದ ತಲೆ, ಸುಗಂಧ, ಇವೆಲ್ಲ ಪ್ರವಾದಿವರ್ಯರಿಗೆ(ಸ) ಇಷ್ಟವಾಗಿದ್ದವು. ಚೆಲುವು ಅನುಗ್ರಹ. ಆದರೆ ಅನುಗ್ರಹವು ನಮ್ಮ ಗಳಿಕೆಯಲ್ಲ, ನಮ್ಮ ಕೈಗೆ ಒಪ್ಪಿಸಲಾದ ಅಮಾನತ್. ಒಬ್ಬನು ಗಂಟೊಂದನ್ನು ನಮ್ಮ ಬಳಿ ಇಟ್ಟು ಊರಿಗೆ ಹೋದರೆ ನಾವು ಅದನ್ನು ಜೋಪಾನ ಮಾಡುತ್ತೇವೆ, ಇಟ್ಟವನ ಇಷ್ಟ ನೋಡಿ ಬಳಸುತ್ತೇವೆ. ಮುಖಕ್ಕೂ ಅದೇ ನಿಯಮ.

ಮುಖವು ಸಾಕ್ಷಿ ಹೇಳುತ್ತದೆ

ಜಾಹೀರಾತಿನಲ್ಲಿ ನಗುವವನು ಸುಮ್ಮನೆ ನಗುವುದಿಲ್ಲ. ಈ ಸರಕು ಒಳ್ಳೆಯದು, ನಾನು ಇದರಿಂದ ಹೀಗಾದೆ ಎಂದು ಅವನ ಮುಖ ಸಾಕ್ಷಿ ನುಡಿಯುತ್ತದೆ. ಬಾಯಿ ತೆರೆಯದಿದ್ದರೂ ಸಾಕ್ಷಿ ಸಾಕ್ಷಿಯೇ. ಹಾಗಾದರೆ ಹೊಸಬನು ಮೊದಲು ಕೇಳಿಕೊಳ್ಳಬೇಕಾದದ್ದು, ನಾನು ಸುಳ್ಳು ಸಾಕ್ಷಿ ಹೇಳುತ್ತಿಲ್ಲ ತಾನೇ ಎಂದು. ಸುಳ್ಳು ಸಾಕ್ಷ್ಯವನ್ನು ಪ್ರವಾದಿವರ್ಯರು(ಸ) ಮಹಾಪಾಪಗಳ ಸಾಲಿನಲ್ಲಿ ಎಣಿಸಿದ್ದಾರೆ.

ಒಮ್ಮೆ ಅವರು ಪೇಟೆಯಲ್ಲಿ ಧಾನ್ಯದ ರಾಶಿಯೊಂದರೊಳಗೆ ಕೈ ಹಾಕಿ ನೋಡಿದರು. ಮೇಲೆ ಒಣಗಿದ್ದ ಧಾನ್ಯ ಒಳಗೆ ಒದ್ದೆಯಾಗಿತ್ತು. ಒದ್ದೆಯಾದದ್ದನ್ನು ಜನ ಕಾಣುವಂತೆ ಮೇಲೇಕೆ ಇಡಲಿಲ್ಲವೆಂದು ವ್ಯಾಪಾರಿಯನ್ನು ಕೇಳಿದರು, ವಂಚಿಸುವವನು ನಮ್ಮವನಲ್ಲವೆಂದು ಎಚ್ಚರಿಸಿದರು. ಇಂದಿನ ಜಾಹೀರಾತುಗಳ ಪೈಕಿ ಎಷ್ಟೋ, ಒದ್ದೆ ಧಾನ್ಯದ ಮೇಲೆ ಹರಡಿದ ಒಣ ಕಾಳುಗಳು. ಆ ಒಣ ಕಾಳು ನಮ್ಮ ಮಗನ ಮುಖವಾಗಬೇಕೇ?

ಒಂದೇ ಉದಾಹರಣೆ ಸಾಕು. ನಮ್ಮ ದೇಶದಲ್ಲಿ 1975ರಲ್ಲಿ ಫೇರ್ ಅಂಡ್ ಲವ್ಲಿ ಎಂಬ ಕ್ರೀಮ್ ಬಂತು. ಕಪ್ಪಾಗಿದ್ದರೆ ಕೆಲಸವಿಲ್ಲ, ಮದುವೆಯಿಲ್ಲ, ಬೆಳ್ಳಗಾದರೆ ಎಲ್ಲವೂ ಉಂಟು ಎಂಬ ಪಾಠವನ್ನು ಅದರ ಜಾಹೀರಾತುಗಳು ವರ್ಷಾನುಗಟ್ಟಲೆ ಮನೆಮನೆಯ ಟಿ.ವಿ.ಯಲ್ಲಿ ಕಲಿಸಿದವು. 2020ರಲ್ಲಿ ಲೋಕವೆಲ್ಲ ವರ್ಣಭೇದದ ವಿರುದ್ಧ ಮಾತಾಡಿದಾಗ ಕಂಪೆನಿಯು ಆ ಹೆಸರಿನಿಂದ ಫೇರ್ ಎಂಬ ಪದವನ್ನು ತೆಗೆಯಿತು. ಹೆಸರು ಬದಲಾಯಿತು. ಆದರೆ 45 ವರ್ಷ ಆ ಪಾಠ ಕೇಳಿದ ಹೆಣ್ಣುಮಕ್ಕಳ ಮನಸ್ಸಿನ ಗಾಯ? ಆ ಚಿತ್ರಗಳಲ್ಲಿ ನಗುತ್ತಿದ್ದ ಒಬ್ಬೊಬ್ಬರೂ ಆ ಪಾಠಕ್ಕೆ ತಮ್ಮ ಮುಖದ ಸಾಕ್ಷಿ ಕೊಟ್ಟಿದ್ದರು.

ಈಗ ದೇಶದ ಕಾನೂನು ಕೂಡ ಇದನ್ನು ಗಮನಿಸಿದೆ. 2019ರ ಗ್ರಾಹಕ ಸಂರಕ್ಷಣಾ ಕಾಯ್ದೆಯ ಪ್ರಕಾರ ದಾರಿ ತಪ್ಪಿಸುವ ಜಾಹೀರಾತಿಗೆ ತಯಾರಕನಷ್ಟೇ ಅಲ್ಲ, ಸರಕನ್ನು ಶಿಫಾರಸು ಮಾಡಿದವನೂ ಹೊಣೆ. ಮೊದಲ ಸಲ 10 ಲಕ್ಷ ರೂಪಾಯಿವರೆಗೆ, ಮತ್ತೆ ತಪ್ಪಿದರೆ 50 ಲಕ್ಷದವರೆಗೆ ದಂಡ ಹಾಕಬಹುದು. ಹಾಗೆ ಶಿಫಾರಸು ಮಾಡುವುದನ್ನೇ ಒಂದು ವರ್ಷ, ಮತ್ತೆ ತಪ್ಪಿದರೆ ಮೂರು ವರ್ಷ ನಿಷೇಧಿಸಬಹುದು. ಹೇಳುವ ಮೊದಲು ತಕ್ಕಷ್ಟು ಪರಿಶೀಲಿಸಿದ್ದೆನೆಂದು ತೋರಿಸಿದವನು ಮಾತ್ರ ದಂಡದಿಂದ ಪಾರಾಗಬಲ್ಲ. ಹಣ ಕೊಟ್ಟರು, ನಿಂತೆ ಎಂಬ ಸಬೂಬನ್ನು ಈ ಲೋಕದ ಕಾನೂನೇ ಒಪ್ಪದಿರುವಾಗ ಪರಲೋಕದ ನ್ಯಾಯಾಲಯದಲ್ಲಿ ಅದು ನಡೆದೀತೇ?

ಷರತ್ತು ಹಾಕಿ ಹೋದವಳು

"ನಾನು ಮರ್ಯಾದೆಯ ಮಿತಿಯಲ್ಲೇ ಇರುತ್ತೇನೆ, ಅದಕ್ಕೆ ಮೊದಲೇ ಷರತ್ತು ಹಾಕುತ್ತೇನೆ" ಎಂದು ಹೇಳುವವರಿದ್ದಾರೆ. ಅವರು ಹಲೀಮಾ ಅದನ್ ಎಂಬ ಯುವತಿಯ ಬದುಕನ್ನು ತಿಳಿಯಬೇಕು.

ಸೊಮಾಲಿ ಮೂಲದ ಈಕೆ ಹುಟ್ಟಿದ್ದು ಕೀನ್ಯಾದ ಕಕುಮಾ ನಿರಾಶ್ರಿತರ ಶಿಬಿರದಲ್ಲಿ. ಬಾಲ್ಯದಲ್ಲೇ ಅಮೇರಿಕಕ್ಕೆ ಹೋದಳು. 2016ರಲ್ಲಿ ಮಿನ್ನೆಸೋಟ ರಾಜ್ಯದ ಸುಂದರಿ ಸ್ಪರ್ಧೆಯಲ್ಲಿ ತಲೆವಸ್ತ್ರ ತೊಟ್ಟು, ಈಜುಡುಗೆಯ ಸುತ್ತಿನಲ್ಲೂ ಮೈತುಂಬ ಬಟ್ಟೆ ತೊಟ್ಟು ನಿಂತಳು. ಜಗತ್ತು ಬೆರಗಾಯಿತು. 2017ರಲ್ಲಿ ದೊಡ್ಡ ಮಾಡೆಲಿಂಗ್ ಸಂಸ್ಥೆಯೊಂದು ಅವಳನ್ನು ಸೇರಿಸಿಕೊಂಡಿತು. ಹಿಜಾಬ್ ತೆಗೆಯುವುದಿಲ್ಲ ಎಂಬುದು ಅವಳ ಷರತ್ತು. ಸಂಸ್ಥೆಯು ಒಪ್ಪಿತು. ಪ್ರಸಿದ್ಧ ಫ್ಯಾಶನ್ ಪತ್ರಿಕೆಗಳ ಮುಖಪುಟಗಳಲ್ಲಿ ಹಿಜಾಬ್ ಕಾಣಿಸಿತು. ನಮ್ಮಲ್ಲೂ ಹಲವರು ಹೆಮ್ಮೆಪಟ್ಟರು.

2020ರ ನವೆಂಬರಿನಲ್ಲಿ, ಕೀರ್ತಿಯ ಶಿಖರದಲ್ಲಿರುವಾಗಲೇ, ಅವಳು ಆ ಲೋಕವನ್ನು ಬಿಟ್ಟಳು. ಕಾರಣಗಳನ್ನು ತಾನೇ ಹೇಳಿಕೊಂಡಳು. ನಮಾಝ್ ತಪ್ಪುತ್ತಿತ್ತು. ತಲೆವಸ್ತ್ರವು ಸ್ವಲ್ಪಸ್ವಲ್ಪವಾಗಿ ತನ್ನ ಅರ್ಥ ಕಳೆದುಕೊಳ್ಳುತ್ತಿತ್ತು. ಒಮ್ಮೆ ಅದರ ಬದಲು ಜೀನ್ಸ್ ಬಟ್ಟೆಯನ್ನು ತಲೆಗೆ ಸುತ್ತಿ ಚಿತ್ರ ತೆಗೆದಿದ್ದರು. ಬಿಟ್ಟುಬಿಡು ಎಂದು ತಾಯಿ ಬಹಳ ಹಿಂದೆಯೇ ಹೇಳಿದ್ದರು. ಕೊರೋನಾ ಕಾಲದಲ್ಲಿ ಕೆಲಸ ನಿಂತಾಗ ಯೋಚಿಸಲು ಪುರಸೊತ್ತು ಸಿಕ್ಕಿತು. ಬೇರೆಯವರನ್ನು ದೂರುವ ಬದಲು ತನ್ನನ್ನೇ ದೂರಿಕೊಂಡಳು.

ಇದರಲ್ಲಿ ಗಮನಿಸಬೇಕಾದ ಸೂಕ್ಷ್ಮವಿದೆ. ಅವಳ ಷರತ್ತನ್ನು ಯಾರೂ ಬಹಿರಂಗವಾಗಿ ಮುರಿಯಲಿಲ್ಲ. ಹಿಜಾಬ್ ತೆಗೆ ಎಂದು ಯಾರೂ ಗದರಿಸಲಿಲ್ಲ. ಅದನ್ನೂ ಒಂದು ಸರಕು ಮಾಡಿಕೊಂಡರು, ಅಷ್ಟೇ. ಬಟ್ಟೆ ಅವಳದಾಗಿತ್ತು, ಅದನ್ನು ಹೇಗೆ ಸುತ್ತಬೇಕೆಂಬ ತೀರ್ಮಾನ ಮಾತ್ರ ಬೇರೆಯವರದಾಗಿತ್ತು. ಲಜ್ಜೆಯು ಈಮಾನಿನ ಒಂದು ಶಾಖೆಯೆಂದು ಕಲಿತ ನಮಗೆ ಇದು ತಿಳಿಯಬೇಕು: ಲಜ್ಜೆ ಒಂದೇ ದಿನ ಬಿದ್ದುಹೋಗುವುದಿಲ್ಲ, ಮಳೆಗಾಲದ ದರೆಯಂತೆ ಕೆಳಗಿನಿಂದ ಮೆಲ್ಲನೆ ಜರಿಯುತ್ತದೆ. ಆದ್ದರಿಂದ ಹೊಸಬನು ಎಷ್ಟು ದೂರ ಹೋಗಬಹುದೆಂದು ಕೇಳುವ ಮೊದಲು, ಬೇಡವೆಂದು ಹೇಳುವ ಅಧಿಕಾರ ಕೊನೆಯವರೆಗೂ ನನ್ನ ಕೈಯಲ್ಲಿರುವುದೇ ಎಂದು ಕೇಳಿಕೊಳ್ಳಬೇಕು.

ನಮ್ಮ ಮನೆಯ ಸಂತೆ

ಇಷ್ಟು ಹೇಳಿ ಮುಗಿಸಿದರೆ ನಾವು ಹಿರಿಯರು ಬಚಾವಾದೆವು. ಆದರೆ ನ್ಯಾಯವಾಗಿ ನಮ್ಮ ಮೇಲೂ ಬೆರಳು ತೋರಿಸಬೇಕು.

ನಮ್ಮಲ್ಲಿ ಜವಳಿ, ಚಿನ್ನ, ಪಾದರಕ್ಷೆಯ ವ್ಯಾಪಾರ ಮಾಡುವವರು ಕಡಿಮೆಯಿಲ್ಲ. ಸ್ವಂತ ಮಗಳು ಮುಖ ತೋರಿಸಿ ನಿಲ್ಲುವುದನ್ನು ಕನಸಿನಲ್ಲೂ ಒಪ್ಪದವರು, ಅಂಗಡಿಯ ಫಲಕಕ್ಕೆ ಇನ್ನೊಬ್ಬರ ಮಗಳನ್ನು ನಿಲ್ಲಿಸುತ್ತಾರೆ. ಆ ಹುಡುಗಿಗೂ ತಂದೆಯಿಲ್ಲವೇ? ನಮಗೆ ಬಯಸುವುದನ್ನೇ ಸೋದರನಿಗೂ ಬಯಸಬೇಕೆಂದು ಕಲಿಸಿದ ಧರ್ಮ ನಮ್ಮದು. ಸೂರಃ ಅನ್ನೂರ್‌ನ 30ನೇ ವಚನದಲ್ಲಿ ದೃಷ್ಟಿ ತಗ್ಗಿಸಬೇಕೆಂಬ ಆಜ್ಞೆ ಮೊದಲು ಬಂದದ್ದು ಪುರುಷರಿಗೆ, ಸ್ತ್ರೀಯರ ಸರದಿ ಆಮೇಲೆ. ಯಾರ ಮಗಳ ಮೇಲಿನ ದೃಷ್ಟಿ ಎಂಬ ವಿನಾಯಿತಿ ಅಲ್ಲಿಲ್ಲ.

ಇನ್ನೊಂದು ಸಂತೆ ಅಂಗಡಿಯಲ್ಲಲ್ಲ, ನಮ್ಮ ನಡುಮನೆಯಲ್ಲಿ ನಡೆಯುತ್ತದೆ. ಹೆಣ್ಣು ನೋಡಲು ಬಂದವರು ಹುಡುಗಿಯ ನಮಾಝ್ ಕೇಳುವ ಮೊದಲು ಬಣ್ಣ ನೋಡುತ್ತಾರೆ. ಮೊಬೈಲಿನಲ್ಲಿ ಚಿತ್ರ ಕಳುಹಿಸಿ ಎನ್ನುತ್ತಾರೆ. ಆ ಚಿತ್ರ ಎಷ್ಟು ಕೈ ದಾಟುವುದೋ ಯಾರಿಗೆ ಗೊತ್ತು? ಎತ್ತರ, ಕೂದಲು, ಬಿಳುಪು ಎಲ್ಲಕ್ಕೂ ಅಂಕ ಬೀಳುತ್ತದೆ. ಬಣ್ಣ ಕಡಿಮೆಯಾದರೆ ಚಿನ್ನ ಹೆಚ್ಚು ಎಂಬ ಲೆಕ್ಕಾಚಾರವನ್ನು ಮರ್ಯಾದಸ್ಥರೇ ಆಡಿದ್ದನ್ನು ನಾನು ಕೇಳಿದ್ದೇನೆ. ಬೆಂಗಳೂರಿನ ಆ ಕ್ರೀಡಾಂಗಣದಲ್ಲಿ ನಡೆದದ್ದಕ್ಕೂ ಇದಕ್ಕೂ ಏನು ವ್ಯತ್ಯಾಸ? ಅಲ್ಲಿ ಗೆದ್ದವಳಿಗೆ ಕಿರೀಟವಾದರೂ ಸಿಕ್ಕಿತು. ಇಲ್ಲಿ ಗೆದ್ದವಳ ತಂದೆಯೂ ಸಾಲ ಮಾಡಬೇಕು! ಮಹ್ರ್ ಕೊಡುವುದು ವರನ ಕರ್ತವ್ಯವೆಂದು ಕುರ್‌ಆನ್ ವಿಧಿಸಿರುವಾಗ ನಾವು ವಧುವಿನ ಮನೆಯಿಂದ ವಸೂಲಿ ಮಾಡುತ್ತೇವೆ. ಮುಖಕ್ಕೆ ಬೆಲೆ ಕಟ್ಟುವ ಪಾಠವನ್ನು ನಮ್ಮ ಮಕ್ಕಳು ಮೊದಲು ಕಲಿತದ್ದು ಬೆಂಗಳೂರಿನಿಂದಲ್ಲ, ನಮ್ಮಿಂದಲೇ.

ಹೊಸಬನಿಗೆ ಕೆಲವು ಮಾತು

ಹಾಗಾದರೆ ಅಂಗಿ ತೊಟ್ಟು ನಿಂತ ಹುಡುಗನ ಚಿತ್ರ ಹರಾಮೇ? ಅಷ್ಟು ಸುಲಭವಾಗಿ ನಾಲಗೆ ಹರಿಯಬಿಡಲಾರೆ. ಛಾಯಾಚಿತ್ರದ ವಿಷಯದಲ್ಲೇ ವಿದ್ವಾಂಸರಲ್ಲಿ ಭಿನ್ನಾಭಿಪ್ರಾಯವಿದೆ. ಅಗತ್ಯಕ್ಕೆ ಮಾತ್ರ ಸಾಕೆನ್ನುವವರಿದ್ದಾರೆ, ಕನ್ನಡಿಯ ಪ್ರತಿಬಿಂಬದಂತೆ ಎಂದು ಅನುಮತಿಸುವವರೂ ಇದ್ದಾರೆ. ಆದರೆ ಒಂದು ಚಿತ್ರ ಬೇರೆ, ಬದುಕನ್ನೇ ಮುಖದ ಮೇಲೆ ಕಟ್ಟುವುದು ಬೇರೆ. ಎರಡನೆಯದನ್ನು ನಾನು ಯಾರಿಗೂ ಹೇಳಿಕೊಡಲಾರೆ.

ಆದರೂ ಕರೆ ಬಂದವರು ಇಷ್ಟನ್ನಾದರೂ ಗಮನಿಸಲಿ. ನಿಮ್ಮ ದುಡಿಮೆಯಿಂದ ಲಾಭ ಪಡೆಯುವ ಸಂಸ್ಥೆಯು ಸಂಬಳದಲ್ಲಿ ತನ್ನ ಪಾಲು ತೆಗೆದುಕೊಳ್ಳುತ್ತದೆ. ಕೆಲಸ ಕೊಡುವ ಮೊದಲೇ ಆಲ್ಬಮ್, ನೋಂದಣಿ, ತರಬೇತಿ ಎಂದು ಹಣ ಕೇಳುವವನಿಗೆ ನಿಮ್ಮ ಮುಖ ಬೇಡ, ನಿಮ್ಮ ಹಣ ಬೇಕು. ಮನೆಯವರಿಗೆ ಹೇಳಲಾಗದ ಕೆಲಸಕ್ಕೆ ಕಾಲಿಡಬೇಡಿ. ಹೆಣ್ಣುಮಕ್ಕಳು ಅಪರಿಚಿತರು ಕರೆದಲ್ಲಿಗೆ ಹೋಗುವುದಾಗಲಿ, ಕೇಳಿದ ಚಿತ್ರ ಕಳುಹಿಸುವುದಾಗಲಿ ಬೇಡವೇ ಬೇಡ. ಓದದೆ ಯಾವ ಕಾಗದಕ್ಕೂ ಸಹಿ ಹಾಕಬೇಡಿ. 18 ತುಂಬದವರು ಮಾಡಿಕೊಂಡ ಕರಾರಿಗೆ ಕಾನೂನಿನಲ್ಲಿ ಬೆಲೆಯಿಲ್ಲ. ಚಿತ್ರವನ್ನು ಯಾವ ಸರಕಿಗೆ, ಎಷ್ಟು ಕಾಲ, ಎಲ್ಲೆಲ್ಲಿ ಬಳಸುತ್ತಾರೆಂದು ಬರೆದಿರಬೇಕು. ಇಲ್ಲದಿದ್ದರೆ ಅಂಗಿಗೆಂದು ಕೊಟ್ಟ ನಗು ನಾಳೆ ಜೂಜಿನ ಆ್ಯಪಿಗೋ ಮದ್ಯಕ್ಕೋ ನಗುತ್ತಿರಬಹುದು.

ಬಟ್ಟೆಯ ಲೋಕದಲ್ಲೇ ಬೇರೆ ಬಾಗಿಲುಗಳಿವೆ. ಹೊಲಿಗೆ, ವಿನ್ಯಾಸ, ಸರಕಿನ ಛಾಯಾಗ್ರಹಣ, ಒಳ್ಳೆಯ ಕನ್ನಡದಲ್ಲಿ ಸತ್ಯವಾದ ಜಾಹೀರಾತು ಬರೆಯುವುದು. ಇವೆಲ್ಲ ವಯಸ್ಸಿನೊಂದಿಗೆ ಬೆಲೆ ಏರುವ ವಿದ್ಯೆಗಳು.

ಎರಡು ಸಂತೆಗಳು

ಚೆಲುವಿಗೆ ಹೆಸರಾದವರು ಪ್ರವಾದಿ ಯೂಸುಫ್(ಅ). ಅವರ ಬದುಕಿನಲ್ಲೂ ಸಂತೆ ಬಂತು. ವರ್ತಕರು ಅವರನ್ನು ಕೆಲವೇ ದಿರ್‌ಹಮ್‌ಗಳಿಗೆ ಮಾರಿದರು. ಅವರ ರೂಪ ಕಂಡು ನಗರದ ಸ್ತ್ರೀಯರು ಕೈ ಕೊಯ್ದುಕೊಂಡರು. ಆ ರೂಪವೇ ಅವರನ್ನು ಪರೀಕ್ಷೆಗೆ ಒಡ್ಡಿದಾಗ ಅವರು ಸೆರೆಮನೆಯನ್ನು ಆರಿಸಿಕೊಂಡರು. ಕೊನೆಗೆ ರಾಜನ ಮುಂದೆ ನಿಂತು ಭಂಡಾರದ ಹೊಣೆಯನ್ನು ಕೇಳುವಾಗ ತಮ್ಮ ಯೋಗ್ಯತೆಯೆಂದು ಮುಂದಿಟ್ಟದ್ದು ಏನು? ಮುಖವಲ್ಲ. ತಾನು ಕಾಪಾಡಬಲ್ಲವನು, ತಿಳಿದವನು ಎಂಬ ಎರಡೇ ಮಾತು. ಸೂರಃ ಯೂಸುಫ್‌ನ 55ನೇ ವಚನವನ್ನು ಉದ್ಯೋಗ ಹುಡುಕುವ ಪ್ರತಿಯೊಬ್ಬ ಯುವಕನೂ ಓದಬೇಕು.

ಇನ್ನೊಂದು ಸಂತೆ ಮದೀನಾದ್ದು. ಝಾಹಿರ್(ರ) ಎಂಬ ಹಳ್ಳಿಗರು ಮರುಭೂಮಿಯಿಂದ ಸರಕು ತಂದು ಮಾರುತ್ತಿದ್ದರು. ನೋಡಲು ಚೆಲುವರಲ್ಲ. ಒಂದು ದಿನ ಪ್ರವಾದಿವರ್ಯರು(ಸ) ಹಿಂದಿನಿಂದ ಬಂದು ಅವರನ್ನು ಅಪ್ಪಿ ಹಿಡಿದರು. ಯಾರೆಂದು ಗುರುತಾದ ಕೂಡಲೇ ಝಾಹಿರ್ ತಮ್ಮ ಬೆನ್ನನ್ನು ಆ ಎದೆಗೆ ಇನ್ನಷ್ಟು ಒತ್ತಿಕೊಂಡರು. ಈ ದಾಸನನ್ನು ಯಾರು ಕೊಳ್ಳುವಿರೆಂದು ಪ್ರವಾದಿವರ್ಯರು(ಸ) ವಿನೋದವಾಗಿ ಕೂಗಿದರು. ನನ್ನಂಥವನು ಬಿಕರಿಯಾಗದ ಸರಕೆಂದು ಝಾಹಿರ್ ಹೇಳಿದರು. ಆದರೆ ಅಲ್ಲಾಹನ ಬಳಿ ನೀವು ಬಿಕರಿಯಾಗದ ಸರಕಲ್ಲ, ಬೆಲೆಯುಳ್ಳವರು ಎಂಬ ಉತ್ತರ ಬಂತು.

ಶುಕ್ರವಾರ ಈ ಎರಡು ಕಥೆಗಳನ್ನೂ ಹುಡುಗನಿಗೆ ಹೇಳಿದೆ. ಅವನು ತಲೆ ತಗ್ಗಿಸಿ ಕೇಳಿದ. ಹಣ ಕಳುಹಿಸಿಲ್ಲ, ಕಳುಹಿಸುವುದೂ ಇಲ್ಲ ಎಂದ. ಆಮೇಲೆ ಮೆಲ್ಲನೆ, "ಉಸ್ತಾದ್, ತಂಗಿಯನ್ನು ಕಪ್ಪೆಂದು ಎರಡು ಮನೆಯವರು ಬಿಟ್ಟು ಹೋದರು. ಮೂರನೆಯವರು ಒಪ್ಪಿದ್ದಾರೆ, ಚಿನ್ನ ಕೇಳಿದ್ದಾರೆ. ಅವಳ ಮುಖಕ್ಕೆ ಅವರು ಹಾಕಿದ ದಂಡವನ್ನು ನನ್ನ ಮುಖದಿಂದ ಕಟ್ಟೋಣವೆಂದಿದ್ದೆ" ಎಂದ.

ಅದಕ್ಕೆ ನನ್ನಲ್ಲಿ ಉತ್ತರವಿರಲಿಲ್ಲ. ಉತ್ತರ ಕೊಡಬೇಕಾದವನು ನಾನೊಬ್ಬನೇ ಅಲ್ಲ. ಪ್ರಿಯ ಓದುಗರೇ, ಅದನ್ನು ನಿಮ್ಮ ಜಮಾಅತ್‌ನಲ್ಲಿ, ನಿಮ್ಮ ನಡುಮನೆಯಲ್ಲಿ, ಮಗನಿಗೆ ಹೆಣ್ಣು ನೋಡಲು ಹೊರಡುವ ದಿನ ನೀವೇ ಕೊಡಬೇಕು. ಹುಡುಗನಿಗೆ ಸಂತೆಗೆ ಹೋಗಬೇಡ ಎನ್ನುವ ನಾವು ಅವನ ತಂಗಿಯನ್ನು ಸಂತೆಯಿಂದ ಬಿಡಿಸದಿದ್ದರೆ ನಮ್ಮ ಉಪದೇಶಕ್ಕೆ ಏನು ಬೆಲೆ?

ನಮ್ಮ ರೂಪವನ್ನಾಗಲಿ ಸಂಪತ್ತನ್ನಾಗಲಿ ನೋಡದೆ ಹೃದಯಗಳನ್ನೂ ಕರ್ಮಗಳನ್ನೂ ನೋಡುವ ಅಲ್ಲಾಹನು, ನಮಗೂ ಹಾಗೆ ನೋಡುವ ಕಣ್ಣನ್ನು ಕರುಣಿಸಲಿ. ಆಮೀನ್.